ಪರಿಹಾರದ ಪಟ್ಟಿ ಮತ್ತು ನಮ್ಮ ಸಾಹಿತ್ಯ

ವಿಮರ್ಶೆ ಅಂದರೆ ಕತೆ, ಕವಿತೆ, ಕಾದಂಬರಿ ಓದುವುದು ಅಂತ ನಮಗೆ ಕಾಲೇಜುಗಳಲ್ಲಿ ಕಲಿಸಿದ್ದಾರೆ. ಈ ಸಲ ನಾವು ಓದಲು ಹೊರಟಿರುವುದು ಸರಕಾರದ ಒಂದು ಪಟ್ಟಿಯನ್ನು. ಇದಕ್ಕೆ ಕವಿ ಇಲ್ಲ, ಮುನ್ನುಡಿ ಇಲ್ಲ, ಬಿಡುಗಡೆಯ ಸಮಾರಂಭವೂ ನಡೆಯಲಿಲ್ಲ. ಆದರೆ ನಮ್ಮ ಕೇರಿಯ ಜನರ ಬದುಕನ್ನು ಕನ್ನಡದ ಎಷ್ಟೋ ಕಾವ್ಯಗಳಿಗಿಂತ ಹೆಚ್ಚಾಗಿ ಮುಟ್ಟುವ ಬರಹ ಇದು. ಹಾಗಾಗಿ ಇದನ್ನು ಓದದೆ ಬಿಡುವ ಹಕ್ಕು ನಮಗಿಲ್ಲ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆ ಬಂದದ್ದು 1989ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1987ರಲ್ಲಿ, ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರ ಬಾಯಿಗೆ ಮಲ ತುರುಕಿದ್ದರು. ಕಾಯಿದೆಯ ನಿಯಮಗಳು ಬಂದದ್ದು 1995ರಲ್ಲಿ. ಆ ನಿಯಮಗಳ ಕೊನೆಗೆ ಒಂದು ಅನುಬಂಧ ಇದೆ. ಯಾವ ಅಪರಾಧಕ್ಕೆ ಎಷ್ಟು ಹಣ, ಯಾವ ಹಂತದಲ್ಲಿ ಎಷ್ಟು ಎಂಬ ಪಟ್ಟಿ ಅದು. 2016ರ ಏಪ್ರಿಲ್ 14ರಂದು, ಅಂಬೇಡ್ಕರ್ ಹುಟ್ಟಿದ ದಿನದಂದೇ, ಅದನ್ನು ತಿದ್ದಿ ಬರೆದರು. 85,000 ರೂಪಾಯಿಯಿಂದ 8,25,000 ರೂಪಾಯಿವರೆಗೆ ಅಲ್ಲಿ ನಮ್ಮ ನೋವಿಗೆ ಅಂಕಿ ಹಾಕಲಾಗಿದೆ.

ಪಟ್ಟಿಯನ್ನು ನಿಧಾನವಾಗಿ ಓದೋಣ. ಕೊಲೆಯಾದರೆ 8,25,000. ಮರಣೋತ್ತರ ಪರೀಕ್ಷೆಯ ನಂತರ ಅರ್ಧ, ದೋಷಾರೋಪಣಾ ಪಟ್ಟಿ ನ್ಯಾಯಾಲಯಕ್ಕೆ ಹೋದಾಗ ಉಳಿದರ್ಧ. ಜಾತಿ ಹಿಡಿದು ಬೈದರೆ, ಹತ್ತು ಮಂದಿಯ ಮುಂದೆ ಮಾನ ಕಳೆದರೆ ಒಂದು ಲಕ್ಷ. ಅದರಲ್ಲಿ ಶೇಕಡ 25 ಎಫ್‌ಐಆರ್ ಆದಾಗ, ಶೇಕಡ 50 ದೋಷಾರೋಪಣಾ ಪಟ್ಟಿ ಹೋದಾಗ, ಉಳಿದ ಶೇಕಡ 25 ಆರೋಪಿಗೆ ಶಿಕ್ಷೆಯಾದಾಗ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸತ್ತವನ ಮನೆಗೆ ವಿಚಾರಣೆ ಶುರುವಾಗುವ ಮೊದಲೇ ಪೂರ್ತಿ ಹಣ. ಬದುಕಿ ಉಳಿದು ನನಗೆ ಅವಮಾನವಾಯಿತು ಅಂದವನು ಮಾತ್ರ ತೀರ್ಪಿನ ತನಕ ಕಾಯಬೇಕು. ಅಂದರೆ ಈ ಪಟ್ಟಿ ಹೆಣವನ್ನು ನಂಬುತ್ತದೆ. ಬದುಕಿದವನ ಮಾತನ್ನು ಅಷ್ಟು ನಂಬುವುದಿಲ್ಲ. ಡಾಕ್ಟರ ಸಹಿ ಇರುವ ನೋವು ಒಂದು ತೂಕ, ಬರೀ ಬಾಯಲ್ಲಿ ಹೇಳಿದ ನೋವು ಇನ್ನೊಂದು ತೂಕ. ಇದು ಗುಮಾಸ್ತನ ಕೈತಪ್ಪಲ್ಲ. ಸಾವಿರಾರು ವರ್ಷ ನಮ್ಮ ಮಾತಿಗೆ ಸಾಕ್ಷಿಯ ಬೆಲೆ ಕೊಡದ ಸಮಾಜವೇ ಈ ಪಟ್ಟಿಯ ಒಳಗೂ ಕೂತಿದೆ.

ಆದರೂ ಪಟ್ಟಿಯಲ್ಲಿ ಒಳ್ಳೆಯದು ಇಲ್ಲವೆಂದರೆ ಸುಳ್ಳಾಗುತ್ತದೆ. ಕೊಲೆಯಾದವನ ಹೆಂಡತಿಗೆ ಅಥವಾ ಅವನನ್ನು ನಂಬಿದ್ದವರಿಗೆ ತಿಂಗಳಿಗೆ 5,000 ರೂಪಾಯಿ ಮೂಲ ಪಿಂಚಣಿ ಮತ್ತು ತುಟ್ಟಿಭತ್ಯೆ, ಮನೆಯ ಒಬ್ಬರಿಗೆ ನೌಕರಿ, ಜಮೀನು, ಮನೆ, ಮಕ್ಕಳಿಗೆ ಪದವಿ ಮುಗಿಯುವವರೆಗೆ ಓದಿನ ಖರ್ಚು, ಮೂರು ತಿಂಗಳಿಗೆ ಅಕ್ಕಿ, ಗೋಧಿ, ಬೇಳೆ, ಪಾತ್ರೆ. ಸುಟ್ಟ ಮನೆಯ ಜಾಗದಲ್ಲಿ ಸರಕಾರದ ಖರ್ಚಿನಲ್ಲಿ ಕಲ್ಲಿನದೋ ಇಟ್ಟಿಗೆಯದೋ ಮನೆ. ಈ ಸಾಲುಗಳನ್ನು ಯಾರೋ ಪುಣ್ಯಾತ್ಮರು ದಯೆಯಿಂದ ಬರೆದದ್ದಲ್ಲ. ಕೋಲಾರದ ಹುಣಸೀಕೋಟೆಯಿಂದ ಬೆಂಗಳೂರಿಗೆ ನಡೆದವರ ಕಾಲಿನ ಬೊಬ್ಬೆ ಈ ಸಾಲುಗಳಲ್ಲಿದೆ.

ಇನ್ನು ಮಾತುಗಳನ್ನು ನೋಡೋಣ. ಅನ್ಯಾಯವಾದವರನ್ನು ಪತ್ರಿಕೆಗಳು 'ಬಲಿಪಶು' ಅನ್ನುತ್ತವೆ. ಬಲಿ ಕೊಡುವುದು ದೇವರಿಗೆ. ಹಾಗಿದ್ದರೆ ಇಲ್ಲಿ ದೇವರು ಯಾರು, ಕತ್ತಿ ಹಿಡಿದ ಪೂಜಾರಿ ಯಾರು? ನಡೆದದ್ದಕ್ಕೆ 'ದೌರ್ಜನ್ಯ' ಅನ್ನುತ್ತೇವೆ. ದುರ್ಜನರು ಮಾಡಿದ್ದು ದೌರ್ಜನ್ಯ. ಊರಿನ ದುರ್ಜನರು ನಾಲ್ಕು ಮಂದಿ, ಉಳಿದವರೆಲ್ಲ ಸಜ್ಜನರು ಎಂಬ ಅರ್ಥ ಆ ಮಾತಿನಲ್ಲೇ ಅಡಗಿದೆ. ಕ್ಷೌರದಂಗಡಿಯ ಬಾಗಿಲು ಮುಚ್ಚಿದಾಗ ಸುಮ್ಮನೆ ನೋಡುತ್ತಾ ನಿಂತ ಸಜ್ಜನರನ್ನು ಯಾವ ಕಲಮಿನಲ್ಲಿ ಹಾಕೋಣ? ಹಣಕ್ಕೆ 'ಪರಿಹಾರ' ಅನ್ನುತ್ತಾರೆ. ಜೋತಿಷ್ಯ ಹೇಳುವವನೂ ಗ್ರಹದೋಷಕ್ಕೆ ಪರಿಹಾರ ಕೊಡುತ್ತಾನೆ. ಕೊಟ್ಟಮೇಲೆ ದೋಷ ತೀರಿತು, ಇನ್ನು ಎದ್ದು ಹೋಗಿ ಎಂಬ ದನಿ ಅಲ್ಲೂ ಇದೆ, ಇಲ್ಲೂ ಇದೆ. ಸರಕಾರದ ಕಡತಕ್ಕೆ ಹೆಸರು ಹತ್ತಿದವರೆಲ್ಲ 'ಫಲಾನುಭವಿ'ಗಳು. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸು ಯಾವ ಫಲ ಅನುಭವಿಸಿದಳು ಅಂತ ಆ ಮಾತನ್ನು ಬರೆಯುವ ಕೈ ಒಂದು ಗಳಿಗೆ ಯೋಚಿಸಬೇಕು.

ಈಗ ಊರಿಗೆ ಬರೋಣ. ತೋರಣಗಲ್ಲಿನಿಂದ ಕಂಪ್ಲಿಗೆ ಹೋಗಿ ಹೊಳೆ ದಾಟಿದರೆ ಗಂಗಾವತಿ ಸೀಮೆ. ಅಲ್ಲಿಯ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರ ಮಾಡುತ್ತಿರಲಿಲ್ಲ, ಹೋಟೆಲಿನ ಒಳಗೆ ಬಿಡುತ್ತಿರಲಿಲ್ಲ. 2014ರ ಆಗಸ್ಟಿನಲ್ಲಿ ಗಂಗಾವತಿಯ ಸಿನಿಮಾ ಟಾಕೀಸಿನಲ್ಲಾದ ಜಗಳ ನೆಪವಾಯಿತು. ಗುಂಪು ಕೇರಿಗೆ ನುಗ್ಗಿ ಹೊಡೆಯಿತು, ಗುಡಿಸಲುಗಳಿಗೆ ಬೆಂಕಿ ಇಟ್ಟಿತು. ಕೊಪ್ಪಳದ ನ್ಯಾಯಾಲಯ ತೀರ್ಪು ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಇಷ್ಟು ಮಂದಿಗೆ ಒಟ್ಟಿಗೆ ಇಂಥ ಶಿಕ್ಷೆಯಾದದ್ದನ್ನು ದೇಶದ ಪತ್ರಿಕೆಗಳೆಲ್ಲ ಬರೆದವು, ನಾವೂ ಸಂತೋಷಪಟ್ಟೆವು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಜಾಮೀನು ಅಂದರೆ ಬಿಡುಗಡೆಯಲ್ಲ, ಮೇಲ್ಮನವಿ ಹಾಕುವುದು ಅವರ ಹಕ್ಕು ಎಂಬುದು ನಮಗೂ ಗೊತ್ತು. ಆದರೆ ಜಾಮೀನಿನ ಮೇಲೆ ಬಂದವರು ಬರುವುದು ಅದೇ ಊರಿಗೆ. ಸಾಕ್ಷಿ ಹೇಳಿದವರು ಇರುವುದೂ ಅದೇ ಊರಿನಲ್ಲಿ.

ದೋಷಾರೋಪಣಾ ಪಟ್ಟಿ ಬಂದ ಎರಡು ತಿಂಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ವಿಚಾರಣೆ ಮುಗಿಸಬೇಕು ಅನ್ನುತ್ತದೆ ಕಾಯಿದೆ. ಮರಕುಂಬಿಗೆ ಬೆಂಕಿಯಿಂದ ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಈ ಹತ್ತು ವರ್ಷಕ್ಕೆ ಪಟ್ಟಿಯಲ್ಲಿ ಕಲಮು ಇಲ್ಲ. ಸುಟ್ಟ ಗುಡಿಸಲಿಗೆ ಮನೆ ಕೊಡಬಹುದು. ಆ ಮನೆಯಲ್ಲಿ ಇದ್ದುಕೊಂಡು, ಆರೋಪಿಯ ಹೊಲದಲ್ಲೇ ಕೂಲಿ ಹುಡುಕುತ್ತಾ, ಹೇಳಿದ ಸಾಕ್ಷಿಯನ್ನು ಹಿಂದಕ್ಕೆ ತಗೊಳ್ಳದೆ ಕಳೆದ ದಿನಗಳಿಗೆ ಯಾವ ದರ? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಂಬಾಲಪಲ್ಲಿಗೂ ಮರಕುಂಬಿಗೂ ಇರುವ ವ್ಯತ್ಯಾಸ ಕಾನೂನಿನದಲ್ಲ, ಕಾನೂನು ಒಂದೇ. ಒಂದು ಕಡೆ ಸಾಕ್ಷಿ ಬಿದ್ದುಹೋಯಿತು, ಇನ್ನೊಂದು ಕಡೆ ನಿಂತಿತು. ಹಾಗಾದರೆ ಸಾಕ್ಷಿಯನ್ನು ನಿಲ್ಲಿಸುವುದೇ ಪರಿಹಾರದ ನಿಜವಾದ ಕೆಲಸ.

ಇಲ್ಲಿ ನಮ್ಮ ಸಾಹಿತ್ಯದ ಪ್ರಶ್ನೆ ಏಳುತ್ತದೆ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾ ಅಲೆಯುತ್ತಾಳೆ. ಕಳಕೊಂಡವಳು ಅವಳು. ಆದರೆ ಅವಳ ಹಟ್ಟಿಗೆ ಪೊಲೀಸರು ಬರುವುದು ಸಾಹುಕಾರನ ಕಡಲೆಕಾಯಿ ಕಳುವಿನ ತಪಾಸಣೆಗೆ. ಬಡವನ ಮನೆಗೆ ಸರಕಾರ ಬರುವುದೇ ಅವನನ್ನು ಕಳ್ಳನೆಂದು ಹಿಡಿಯಲಿಕ್ಕೆ ಎಂಬುದನ್ನು ಇಷ್ಟು ಸರಳವಾಗಿ ಯಾವ ಸಮಾಜಶಾಸ್ತ್ರವೂ ಹೇಳಲಿಲ್ಲ. 1984ರ 'ಕುಸುಮಬಾಲೆ'ಯಲ್ಲಿ ಚನ್ನನ ಕೊಲೆಯಾಗುತ್ತದೆ. ಆ ಕೊಲೆಯ ಸುತ್ತ ಇಡೀ ಊರಿನ ಒಡಲು ತೆರೆದುಕೊಳ್ಳುತ್ತದೆ. ಇವು ನಮ್ಮ ಹೆಮ್ಮೆಯ ಕೃತಿಗಳು. ಆದರೆ ಇವುಗಳ ಬೆನ್ನಿಗೆ ಬಂದ ನಮ್ಮ ಕತೆ ಕವಿತೆಗಳನ್ನು ತೆಗೆದು ನೋಡಿದರೆ ಅವು ಬಹುತೇಕ ಬೆಂಕಿಯ ದಿನದಲ್ಲೇ ನಿಂತುಬಿಟ್ಟಿವೆ. ಹೊಡೆತ ಇದೆ, ನೆತ್ತರು ಇದೆ, ಕಡೆಯಲ್ಲಿ ಎದ್ದು ನಿಲ್ಲುವ ಮುಷ್ಟಿ ಇದೆ. ಮಾರನೆಯ ದಿನ ಇಲ್ಲ. ಎಫ್‌ಐಆರ್‌ನ ನಕಲಿಗಾಗಿ ನಾಲ್ಕು ಸಲ ಠಾಣೆಗೆ ಹೋದದ್ದು, ಬ್ಯಾಂಕ್ ಖಾತೆಯಲ್ಲಿ ಒಂದು ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಹೆಸರು ಇದ್ದು ಹಣ ನಿಂತದ್ದು, ಬಂದ ಹಣವನ್ನು ಹಳೇ ಸಾಲಗಾರ ಮನೆ ಬಾಗಿಲಲ್ಲೇ ಎಣಿಸಿಕೊಂಡದ್ದು, ರಾಜಿಯಾಗು ಅಂತ ನಮ್ಮವನೇ ಒಬ್ಬ ರಾತ್ರಿ ಬಂದು ಹೇಳಿದ್ದು, ಇವು ನಮ್ಮ ಸಾಹಿತ್ಯಕ್ಕೆ ಇನ್ನೂ ವಸ್ತುವಾಗಿಲ್ಲ. ಸಂಘಟನೆಯ ಮಾತೂ ಅಷ್ಟೇ. ಹೆಣ ಇರುವಾಗ ನಾವೆಲ್ಲ ಇರುತ್ತೇವೆ. ಮೂವತ್ತನೇ ವಾಯಿದೆಯ ದಿನ ಕೋರ್ಟಿನ ಜಗುಲಿಯ ಮೇಲೆ ಆ ಹೆಂಗಸಿನ ಪಕ್ಕ ಯಾರು ಕೂತಿರುತ್ತಾರೆ?

ತೋರಣಗಲ್ಲಿನ ಸ್ಟೇಷನ್ನನ್ನು ನೆನೆಯಿರಿ. ಕಬ್ಬಿಣದ ಅದಿರು, ಉಕ್ಕು ಹೊತ್ತ ಗಾಡಿಗಳಿಗೆ ಇಲ್ಲಿ ಬಿಡುವಿಲ್ಲ. ಅದೇ ಪ್ಲಾಟ್‌ಫಾರ್ಮಿನಲ್ಲಿ ಬಳ್ಳಾರಿಯ ಕೋರ್ಟಿಗೆ ಹೊರಟ ಸಾಕ್ಷಿಯೂ ನಿಂತಿರಬಹುದು. "ಕೋರ್ಟಿಗೆ ಹೋದ್ರ ಕೂಲಿ ಹೋಕ್ಕೈತಿ, ಕೂಲಿಗೆ ಹೋದ್ರ ಕೇಸು ಹೋಕ್ಕೈತಿ" ಎಂಬುದು ಈ ಕಡೆಯ ಬಡವರ ಲೆಕ್ಕ. ಆದರೆ 1995ರ ನಿಯಮಗಳ 11ನೇ ನಿಯಮ ಏನು ಹೇಳುತ್ತದೆ ಗೊತ್ತೇ? ನೊಂದವರಿಗೂ ಸಾಕ್ಷಿಗಳಿಗೂ ಹೋಗಿಬರುವ ರೈಲಿನ ಅಥವಾ ಬಸ್ಸಿನ ಖರ್ಚು ಸರಕಾರದ್ದು. ಆ ದಿನಕ್ಕೆ ಕೃಷಿ ಕೂಲಿಯ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಭತ್ಯೆ, ಊಟದ ಖರ್ಚು. ಸಾಕ್ಷಿ ಹೆಂಗಸಾದರೆ, ಅರವತ್ತು ದಾಟಿದವರಾದರೆ, ಜೊತೆಗೆ ತಮಗೆ ಬೇಕಾದ ಒಬ್ಬರನ್ನು ಕರೆದೊಯ್ಯಬಹುದು; ಅವರ ಖರ್ಚೂ ಸರಕಾರದ್ದೇ. ಮೂರು ದಿನದೊಳಗೆ ಕೊಡಬೇಕು. ಇಡೀ ನಿಯಮಾವಳಿಯಲ್ಲಿ ನಮಗೆ ಅತ್ಯಂತ ಮನುಷ್ಯವಾಗಿ ಕಂಡ ಭಾಗ ಇದು. ಸಾಕ್ಷಿಗೂ ಹೊಟ್ಟೆ ಇದೆ, ಹೆದರಿಕೆ ಇದೆ, ಜೊತೆಗೊಬ್ಬರು ಬೇಕು ಎಂದು ಇಲ್ಲಿ ಮಾತ್ರ ಕಾನೂನಿಗೆ ನೆನಪಾಗಿದೆ. ಎಂಟು ಲಕ್ಷದ ಅಂಕಿ ಎಲ್ಲರ ಬಾಯಲ್ಲೂ ಇದೆ. ಈ ನೂರಿನ್ನೂರು ರೂಪಾಯಿಯ ನಿಯಮ ಎಷ್ಟು ಜನಕ್ಕೆ ಗೊತ್ತು?

"ದುಡ್ಡಿಗಾಗಿ ಕೇಸು ಹಾಕ್ತಾರೆ" ಎಂದು ಮೇಲುಜಾತಿಯ ಕಟ್ಟೆಗಳಲ್ಲಿ ಮಾತಾಡುತ್ತಾರೆ. ಊರ ಕೆಲಸ ಕಳಕೊಂಡು, ಅಂಗಡಿಯ ಉದ್ರಿ ಕಳಕೊಂಡು, ಹತ್ತು ವರ್ಷ ಅಲೆದು ಒಂದು ಲಕ್ಷ ಗಳಿಸುವ ವ್ಯಾಪಾರ ಅಷ್ಟು ಲಾಭದ್ದಾದರೆ ಆ ಕಟ್ಟೆಯವರು ನಮಗೆ ಬಿಟ್ಟುಕೊಡುತ್ತಿದ್ದರೇ? ಇನ್ನು ನಮ್ಮ ಕೆಲವು ಗೆಳೆಯರು "ನಮಗೆ ಹಣ ಬೇಡ, ನ್ಯಾಯ ಬೇಕು" ಅನ್ನುತ್ತಾರೆ. ಘೋಷಣೆ ಚೆನ್ನಾಗಿದೆ. ಆದರೆ ಬರಿ ಹೊಟ್ಟೆಯಲ್ಲಿ ನ್ಯಾಯಕ್ಕಾಗಿ ಕಾಯಬಲ್ಲವರು ಯಾರು? ಮನೆಯಲ್ಲಿ ಹಿಟ್ಟಿದ್ದರೆ ಸಾಕ್ಷಿ ರಾಜಿಗೆ ಬಗ್ಗುವುದಿಲ್ಲ. ಪರಿಹಾರವೂ ನ್ಯಾಯವೂ ಎದುರಾಳಿಗಳಲ್ಲ. ಮೊದಲನೆಯದು ಬುತ್ತಿ, ಎರಡನೆಯದು ದಾರಿ.

ಈ ಪಟ್ಟಿ ನಮ್ಮ ಜಾತಿಗಳಿಗೆ ಸಂಬಂಧಿಸಿದ್ದು. ಆದರೆ ದೂರದ ಊರಿನಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕೂಲಿಯವಳ ಮೇಲೆ ಹಲ್ಲೆಯಾದರೆ? ಅವಳಿಗೂ ದಾರಿ ಇದೆ. 2009ರಿಂದ ದಂಡ ಪ್ರಕ್ರಿಯಾ ಸಂಹಿತೆಯ 357-ಎ ಕಲಮು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು ಎಲ್ಲ ಜಾತಿಯ ನೊಂದವರಿಗೂ ಸೇರಿದ್ದು. ಅಪರಾಧಿ ಸಿಕ್ಕದೇ ಹೋದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 1985ರ ನವೆಂಬರಿನಲ್ಲಿ ವಿಶ್ವಸಂಸ್ಥೆ ಹೊರಡಿಸಿದ ಘೋಷಣೆ ಇನ್ನೂ ಮುಂದೆ ಹೋಗಿ, ಅಪರಾಧಕ್ಕೆ ತುತ್ತಾದವರ ಜೊತೆಗೆ ಅಧಿಕಾರದ ದುರ್ಬಳಕೆಗೆ ತುತ್ತಾದವರನ್ನೂ ಸೇರಿಸಿಕೊಂಡಿತು. ನೊಂದವರಿಗೆ ಸಹಾಯ ಮಾಡಲು ಹೋಗಿ ಪೆಟ್ಟು ತಿಂದವರನ್ನೂ ನೊಂದವರೆಂದೇ ಕರೆಯಿತು. ನಮ್ಮ ಕಾರ್ಯಕರ್ತರು ಇದನ್ನು ನೆನಪಿಡಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. 11ನೇ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೇರಿಯ ಗೋಡೆಗೆ ಅಂಟಿಸಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸೇರಿತೇ ಎಂದು ಕೇಳಿ. ವಿದ್ಯಾರ್ಥಿ ಗೆಳೆಯರು ಬಿಡುವಿನ ದಿನ ಒಬ್ಬ ಸಾಕ್ಷಿಯ ಜೊತೆ ರೈಲು ಹತ್ತಿ, ಕೋರ್ಟಿನ ಜಗುಲಿಯಲ್ಲಿ ಸಂಜೆತನಕ ಕೂತು ಬನ್ನಿ. ಆಮೇಲೆ ಕತೆ ಬರೆಯಿರಿ, ಕವಿತೆ ಬರೆಯಿರಿ. ಆ ಮಾರನೆಯ ದಿನದ ಬರಹಕ್ಕೆ ಈ ಪುಟಗಳು ಕಾಯುತ್ತಿವೆ.