ಕಾಯುವುದೂ ಕಾಣುವ ಯಂತ್ರ

ನಾಲ್ಕು ಹಳೆಯ ಡೆಸ್ಕ್‌ಟಾಪ್, ಎಂಟು ಪೋರ್ಟಿನ ಒಂದು ಸ್ವಿಚ್, ನಾಲ್ಕು ಲ್ಯಾನ್ ಕೇಬಲ್, ಲಿನಕ್ಸ್, ಯಂತ್ರಗಳ ನಡುವೆ ಸಂದೇಶ ಸಾಗಿಸುವ ಎಂಪಿಐ. ಕ್ಲಸ್ಟರ್ ಕಟ್ಟಲು ಇಷ್ಟು ಸಾಕು. ಕೊನೆಯ ಎರಡಕ್ಕೆ ದುಡ್ಡೂ ಬೇಡ. ದಾವಣಗೆರೆಯ ಯುಬಿಡಿಟಿಯಲ್ಲೋ ಬಿಐಇಟಿಯಲ್ಲೋ ಕಂಪ್ಯೂಟರ್ ಸೈನ್ಸ್ ಓದುವವರಿಗೆ ವಿಟಿಯುವಿನ 2022ರ ಸ್ಕೀಮಿನಲ್ಲಿ ಪ್ಯಾರಲಲ್ ಕಂಪ್ಯೂಟಿಂಗ್ ಲ್ಯಾಬ್ ಸಮೇತ ಬರುತ್ತದೆ. ಆ ಪ್ರೋಗ್ರಾಮುಗಳನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಓಡಿಸಿ ಮುಗಿಸಬಹುದು. ಆದರೆ ನಾಲ್ಕು ಪೆಟ್ಟಿಗೆಗಳ ಮುಂದೆ ಕೂತು ನೋಡುವ ಸುಖವೇ ಬೇರೆ.

ಪೈ ಬೆಲೆ ಹುಡುಕುವ ಲೆಕ್ಕವನ್ನೇ ಕೊಡಿ. ವಕ್ರರೇಖೆಯ ಕೆಳಗಿನ ಜಾಗವನ್ನು ತೆಳ್ಳನೆಯ ಪಟ್ಟಿಗಳಾಗಿ ಸೀಳಿ, ಸರದಿಯಂತೆ ನಾಲ್ಕಕ್ಕೂ ಹಂಚಬೇಕು. ಪ್ರತಿಯೊಂದೂ ತನ್ನ ಪಾಲನ್ನು ಕೂಡಿ, ಕಡೆಗೆ ಮೊತ್ತವನ್ನು ಒಂದೆಡೆ ಒಪ್ಪಿಸುತ್ತದೆ. ಪಟ್ಟಿಗಳು ನೂರು ಕೋಟಿ ಇದ್ದರೆ ವೇಗ ಹೆಚ್ಚುಕಮ್ಮಿ ನಾಲ್ಕು ಪಟ್ಟು. ಬರೀ ಸಾವಿರ ಇದ್ದರೆ? ನಾಲ್ಕು ಯಂತ್ರ ಸೇರಿ ಒಂದಕ್ಕಿಂತ ನಿಧಾನ! ಒಂದು ಸಂದೇಶ ಕೇಬಲ್ ದಾಟಲು 50 ಮೈಕ್ರೋಸೆಕೆಂಡ್ ಹಿಡಿಯಿತು ಅನ್ನಿ, 3 ಗಿಗಾಹರ್ಟ್ಸ್ ಪ್ರೊಸೆಸರ್ ಅಷ್ಟರಲ್ಲಿ ಒಂದೂವರೆ ಲಕ್ಷ ಸಲ ಮಿಡಿದಿರುತ್ತದೆ. ಕೋಟಿಗಟ್ಟಲೆ ಬೆಲೆಯ ಸೂಪರ್‌ಕಂಪ್ಯೂಟರ್ ತನ್ನ ಅತಿವೇಗದ ಜಾಲದಿಂದ ಈ ವೆಚ್ಚವನ್ನು ಬಹುಮಟ್ಟಿಗೆ ಮರೆಸಿಬಿಡುತ್ತದೆ. ಅಗ್ಗದ ಕ್ಲಸ್ಟರ್ ಮರೆಸುವುದಿಲ್ಲ. ಅದರ ಚೆಲುವು ಇರುವುದೇ ಅಲ್ಲಿ.

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತುಗಳ ಮೇಲೆ ಕೈ ಪಳಗಿಸಿಕೊಂಡವರಿಗೆ ಈ ರುಚಿ ಗೊತ್ತು. ಪಕ್ಕದ ಮುಚ್ಚಳ ತೆಗೆದರೆ ಗೇರಿನ ಹಲ್ಲುಗಳು ಎದುರಿಗೇ. ಯಾವ ಗೇರು ಹಾಕಿದರೆ ಎಂಥ ಥ್ರೆಡ್ಡು ಬೀಳುತ್ತದೆಂದು ಕಣ್ಣೇ ಕಲಿಯುತ್ತದೆ.

ಪೇಟೆಯಲ್ಲಿ ಸಿಗುವ ಪಿಸಿಗಳನ್ನು ಜೋಡಿಸುವ ಈ ಬಗೆಗೆ 1994ರಲ್ಲಿ ನಾಸಾದ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಕಟ್ಟಿದ ಬಿಯೋವುಲ್ಫ್ ಹೆಸರಾಯಿತು: 16 ಪ್ರೊಸೆಸರ್, ಸಾಮಾನ್ಯ ಈಥರ್‌ನೆಟ್. ಅದಕ್ಕೂ ಮುಂಚೆ, 1986ರಲ್ಲೇ, ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನವರು ಗಾಳಿಯ ಹರಿವಿನ ಲೆಕ್ಕಕ್ಕೆಂದು ಇಂಟೆಲ್ ಪ್ರೊಸೆಸರುಗಳನ್ನು ಕೂಡಿಸಿ ಫ್ಲೋಸಾಲ್ವರ್ ಕಟ್ಟಿದ್ದರು. ಈ ಮಾತನ್ನು ನಮ್ಮ ತರಗತಿಗಳಲ್ಲಿ ಗಟ್ಟಿಯಾಗಿ ಹೇಳಬೇಕು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಡೆಡ್‌ಲಾಕ್. ಎರಡು ಯಂತ್ರಗಳೂ ‘ಮೊದಲು ನೀನು ಕಳಿಸು’ ಎಂದು ಕೂತುಬಿಡುತ್ತವೆ. ಪರದೆಯ ಮೇಲೆ ಒಂದಕ್ಷರ ಇಲ್ಲ, ಸ್ವಿಚ್ಚಿನ ದೀಪಗಳಲ್ಲೂ ಸಡಗರವಿಲ್ಲ. ಲಿನಕ್ಸಿನ ‘ಟಾಪ್’ ಕಮಾಂಡ್ ಹಾಕಿ ನೋಡಿದರೆ ಪ್ರೊಸೆಸರ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿರುತ್ತದೆ. ಸಂದೇಶ ಬಂತೇ, ಬಂತೇ ಎಂದು ನೋಡುವುದೇ ಆ ದುಡಿಮೆಯೆಲ್ಲ. ಒಂದು ಕಡೆ ಕಳಿಸುವ ಸಾಲನ್ನು ಪಡೆಯುವ ಸಾಲಿಗಿಂತ ಮೇಲೆ ಬರೆದರೆ ಗಂಟು ಬಿಚ್ಚಿಕೊಳ್ಳುತ್ತದೆ. ಇದನ್ನು ಮೇಷ್ಟ್ರು ಮೊದಲ ವಾರವೇ, ಬೇಕೆಂದೇ ಕಟ್ಟಿಕೊಟ್ಟು, ಬಿಚ್ಚುವ ಕೆಲಸವನ್ನು ಹುಡುಗ ಹುಡುಗಿಯರಿಗೇ ಬಿಡಬೇಕು.