ತೆರೆಯ ಮೇಲಣ ಹಿರಣ್ಯಕಶಿಪು

೨೦೨೫ನೆಯ ಇಸವಿ ಜುಲೈ ೨೫ರಂದು ತೆರೆಗೆ ಬಂದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಮಕ್ಕಳು ಮೊಮ್ಮಕ್ಕಳೊಡನೆ ನೋಡಿಯೇ ಇರುವರು. ಅಶ್ವಿನ್ ಕುಮಾರರು ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಫಿಲಂಸ್ ಸಂಸ್ಥೆಯು ಪ್ರಸ್ತುತಪಡಿಸಿದ ಈ ಚಿತ್ರದಲ್ಲಿ ವೇಷ ಹಾಕಿದ ನಟನೊಬ್ಬನೂ ಕಾಣನು; ದೇವತೆಗಳೂ ದಾನವರೂ ಸರ್ವರೂ ಗಣಕಯಂತ್ರದಿಂದ ರೂಪುಗೊಂಡ ಬೊಂಬೆಗಳು. ಇದರ ಭಕ್ತಿಭಾವವನ್ನೂ ನರಸಿಂಹನ ಗರ್ಜನೆಯನ್ನೂ ಕೊಂಡಾಡಿದವರು ಬೇಕಾದಷ್ಟು ಜನರಿದ್ದಾರೆ. ನನ್ನ ಜಿಜ್ಞಾಸೆಯು ಬೇರೆ. ಚಿತ್ರಮಂದಿರದಿಂದ ಹೊರಬಿದ್ದ ಹುಡುಗರು ಪ್ರಹ್ಲಾದನಂತೆ ಕೈಮುಗಿದು ನಡೆದುದನ್ನು ನಾನು ಕಾಣಲಿಲ್ಲ. ಎದೆಯುಬ್ಬಿಸಿ ಹುಬ್ಬುಗಂಟಿಕ್ಕಿ ಹಿರಣ್ಯಕಶಿಪುವಿನಂತೆ ಹೆಜ್ಜೆಯಿಟ್ಟವರನ್ನೇ ಕಂಡೆನು. ಪಾಪಿಯೆಂದು ಬಲ್ಲವರೂ ಅವನನ್ನು ಎವೆಯಿಕ್ಕದೆ ನೋಡುವರೇಕೆ? ಉಸಿರಿಲ್ಲದ ಬೊಂಬೆಗೆ ಈ ಆಕರ್ಷಣವು ಬರುವುದೆಲ್ಲಿಂದ?

ನಮ್ಮ ಲಾಕ್ಷಣಿಕರು ಈ ಪ್ರಶ್ನೆಗೆ ಒಂದು ಉತ್ತರವನ್ನು ಸಿದ್ಧಮಾಡಿಟ್ಟಿರುವರು. ಶತ್ರುವಿನ ವಂಶ, ವೀರ್ಯ, ವಿದ್ಯೆ ಮುಂತಾದುವನ್ನು ಚೆನ್ನಾಗಿ ವರ್ಣಿಸಿ, ಅಂಥವನನ್ನು ಗೆದ್ದನೆಂದು ಹೇಳಿದರೆ ನಾಯಕನ ಉತ್ಕರ್ಷವು ತಾನಾಗಿಯೇ ಸಿದ್ಧಿಸುವುದೆಂಬುದು ಕಾವ್ಯಾದರ್ಶದಲ್ಲಿ ದಂಡಿಯ ಅಭಿಪ್ರಾಯ. ದಶರೂಪಕವನ್ನು ಬರೆದ ಧನಂಜಯನಾದರೋ ಪ್ರತಿನಾಯಕನು ಲುಬ್ಧನೂ ಧೀರೋದ್ಧತನೂ ಹಟವಾದಿಯೂ ಪಾಪಿಯೂ ವ್ಯಸನಿಯೂ ಆಗಿರಬೇಕೆಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಇವೆರಡೂ ಒಪ್ಪತಕ್ಕ ಮಾತುಗಳೇ. ಆದರೆ ದಂಡಿಯು ಹೇಳಿದುದು ಪ್ರತಿನಾಯಕನಿಂದ ನಾಯಕನಿಗೆ ಆಗುವ ಲಾಭವನ್ನು. ಧನಂಜಯನು ಹೇಳಿದುದು ಅವನಲ್ಲಿರುವ ದೋಷಗಳನ್ನು. ನೋಡುವವನ ಮನಸ್ಸು ಅವನಲ್ಲಿ ನೆಡುವುದೇಕೆಂಬುದು ಎರಡರಿಂದಲೂ ತಿಳಿಯದು. ಲುಬ್ಧನೂ ಪಾಪಿಯೂ ಆದವರು ಬೀದಿಗೊಬ್ಬರು ಸಿಕ್ಕುವರು. ಅವರನ್ನು ನೋಡಲು ಯಾರೂ ಟಿಕೀಟು ಕೊಳ್ಳುವುದಿಲ್ಲ.

ಬೊಂಬೆಯ ಖಳನಿಗೆ ಒಂದು ವಿಶೇಷವಾದ ಕಷ್ಟವುಂಟು. ಅದನ್ನು ಮೊದಲು ತಿಳಿಯಬೇಕು. ನಟನಿಗೆ ಭರತಮುನಿಯು ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿರುವನು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ. ಒಳಗಿನ ಚಿತ್ತವು ಕಲಕಿದಾಗ ಮೈಯು ತಾನಾಗಿಯೇ ಕೊಡುವ ಸಾಕ್ಷ್ಯವಿದು. ೧೯೮೩ರಲ್ಲಿ ಬಂದ ‘ಭಕ್ತ ಪ್ರಹ್ಲಾದ’ದಲ್ಲಿ ಡಾ. ರಾಜಕುಮಾರರು ಹಿರಣ್ಯಕಶಿಪುವಾಗಿ ಅಬ್ಬರಿಸಿದಾಗ ಮಾತಿಗೆ ಮೊದಲೇ ಕೊರಳಿನ ನರವೂ ಕಣ್ಣಿನ ಕೆಂಪೂ ಮಾತನಾಡುತ್ತಿದ್ದವು. (ಆ ಚಿತ್ರದಲ್ಲಿ ಪ್ರಹ್ಲಾದನಾದ ಬಾಲಕನು ಅವರ ಸ್ವಂತ ಮಗನೇ, ಮುಂದೆ ಪುನೀತ್ ಎಂದು ಹೆಸರಾದ ಆತನ ಪ್ರತಿಮೆಯನ್ನು ನಮ್ಮ ಹೊಸಪೇಟೆಯವರು ೨೦೨೨ರಲ್ಲಿ ನಿಲ್ಲಿಸಿದರು.) ಬೊಂಬೆಗೆ ಬೆವರಿಲ್ಲ, ರೋಮವಿಲ್ಲ, ರಕ್ತವಿಲ್ಲ. ಯಂತ್ರವು ಕಣ್ಣೀರನ್ನು ಬರೆಯಬಲ್ಲದು. ಆದರೆ ಬರೆದ ಕಣ್ಣೀರೆಂದು ನೋಡುವವನ ಕಣ್ಣು ಬಲ್ಲದು. ಎಂಟರಲ್ಲಿ ಬೊಂಬೆಗೆ ನಿಜವಾಗಿ ಉಳಿಯುವುವು ಎರಡೇ: ಸ್ತಂಭ ಮತ್ತು ಸ್ವರಭೇದ, ಎಂದರೆ ಅಲುಗದೆ ನಿಲ್ಲುವುದು ಮತ್ತು ದನಿಯು ಬದಲಾಗುವುದು.

ಇದನ್ನು ನಮ್ಮ ಸೀಮೆಯ ಗೊಂಬೆರಾಮರು ಯಾವ ಶಾಸ್ತ್ರವನ್ನೂ ಓದದೆ ಬಲ್ಲವರಾಗಿದ್ದರು. ಬಳ್ಳಾರಿ, ಕೊಪ್ಪಳದ ಕಡೆಯ ತೊಗಲುಗೊಂಬೆಯಾಟವನ್ನು ಊರ ಬಯಲಲ್ಲಿ ಕುಳಿತು ಕಂಡವರಿಗೆ ನಾನು ಹೇಳುವುದು ಹೊಸದಲ್ಲ. ತೊಗಲನ್ನು ಹೆರೆದು, ಬೆಳಕು ತೂರುವಷ್ಟು ತೆಳುವಾಗಿಸಿ, ಕೊರೆದು, ಬಣ್ಣ ತುಂಬಿ, ಬಿದಿರ ಕಡ್ಡಿಗೆ ಸಿಕ್ಕಿಸಿ, ಬಿಳಿಯ ಪರದೆಯ ಹಿಂದೆ ದೀಪದ ಮುಂದೆ ಹಿಡಿಯುವರು. ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಅಳತೆ. ಅರಸನದು ದೊಡ್ಡದು, ಆಳಿನದು ಸಣ್ಣದು. ಕೈಯ ಕೀಲುಗಳು ಆಡಬಹುದೇ ಹೊರತು ಮುಖದಲ್ಲಿ ಒಂದು ಗೆರೆಯೂ ಅಲುಗದು. ಕುಣಿದು ಕುಪ್ಪಳಿಸುವ ಕೆಲಸವೆಲ್ಲ ಹಾಸ್ಯದ ಕಿಳ್ಳೇಕ್ಯಾತನಿಗೂ ಅವನ ಹೆಂಡತಿ ಬಂಗಾರಕ್ಕನಿಗೂ ಸೇರಿದುದು. ಹತ್ತು ತಲೆಯ ರಾವಣನು ಬಂದನೆಂದರೆ ಪರದೆಯ ಮುಕ್ಕಾಲು ಭಾಗವು ತುಂಬಿಹೋಗುವುದು. ಬಂದವನು ಸುಮ್ಮನೆ ನಿಲ್ಲುವನು. ದೀಪದ ಕುಡಿಯು ಗಾಳಿಗೆ ನಡುಗಿದಾಗ ಅವನ ಮೈಯೆಲ್ಲ ಒಮ್ಮೆ ಉಸಿರೆಳೆದಂತಾಗುವುದು. ಹಿಂದೆ ಕುಳಿತ ಗೊಂಬೆರಾಮನು ಆಗ ಒಂದು ಮಾತನ್ನು ಕೆಳದನಿಯಲ್ಲಿ ಆಡಿದನೆಂದರೆ, ಮುಂದಿನ ಸಾಲಿನ ಮಕ್ಕಳು ತಾಯ ಸೆರಗಿಗೆ ಕೈ ಹಾಕುತ್ತಿದ್ದರು. ಸ್ತಂಭವೂ ಸ್ವರಭೇದವೂ ಎಂದರೆ ಇದೇ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಈ ಕಲೆಯನ್ನು ದೇಶವಿದೇಶಗಳಿಗೆ ಒಯ್ದರು. ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ ೨೦೨೫ರಲ್ಲಿ ಪದ್ಮಶ್ರೀ ದೊರೆಯಿತು.

ಈ ಒರೆಗಲ್ಲಿಗೆ ಹಚ್ಚಿದಾಗ ನೂತನ ಚಿತ್ರದ ಹಿರಣ್ಯಕಶಿಪುವಿನಲ್ಲಿ ಬಂಗಾರವೂ ಇದೆ, ತಾಮ್ರವೂ ಇದೆ. ಅವನ ಆಕಾರವು ಭವ್ಯವಾದುದು. ತಪಸ್ಸಿಗೆ ಕುಳಿತಾಗ ಆ ದೇಹವು ನಿಶ್ಚಲವಾಗುತ್ತದೆ. ನನಗೆ ನಿಜವಾದ ಭಯವಾದುದು ಅಲ್ಲಿಯೇ. ಉಳಿದ ಎಷ್ಟೋ ಕಡೆ ನಿರ್ಮಾತೃಗಳಿಗೆ ಯಂತ್ರದ ಶಕ್ತಿಯನ್ನು ತೋರಿಸುವ ಚಪಲವು ಹೆಚ್ಚಿ, ಅವನನ್ನು ನಿಂತಲ್ಲಿ ನಿಲ್ಲಗೊಟ್ಟಿಲ್ಲ. ಕೊನೆಯ ಕಾಳಗವಂತೂ ಬಹಳ ದೀರ್ಘವಾದುದು. ಕಂಬಗಳು ಮುರಿದು ಬೀಳುವಾಗ ಕಣ್ಣಿಗೆ ಹಬ್ಬವಾಗಬಹುದು. ಆದರೆ ದಾನವನು ಆಗ ಒಬ್ಬ ಪುರುಷನಾಗಿ ಉಳಿಯದೆ ಬರಿಯ ಬಲವಾಗುತ್ತಾನೆ. ಅಮೆರಿಕದಲ್ಲಿ ೧೯೩೭ರಲ್ಲಿ ವಾಲ್ಟ್ ಡಿಸ್ನಿಯು ತೆಗೆಸಿದ ‘ಸ್ನೋ ವೈಟ್’ ಚಿತ್ರದ ರಾಣಿಯನ್ನು ನೋಡಿದವರು ಹೋಲಿಸಿ ನೋಡಲಿ. ಅವಳು ಕನ್ನಡಿಯ ಮುಂದೆ ನಿಂತು ಕೇಳುವಳು, ಹುಬ್ಬೊಂದನ್ನು ಎತ್ತುವಳು, ಅಷ್ಟೆ. ಮುದುಕಿಯ ವೇಷವನ್ನು ತಳೆದು ಕೇಕೆಹಾಕಿ ಓಡಾಡತೊಡಗಿದ ಮೇಲೆ ಅವಳು ನಗೆಗೂ ಎಡೆಗೊಟ್ಟಳು.

ಆದರೆ ಅಲುಗದೆ ನಿಂತ ಮಾತ್ರಕ್ಕೆ ಕಲ್ಲುಕಂಬವೂ ಪ್ರತಿನಾಯಕನಾಗಲಾರದು. ನಿಂತವನೊಳಗೆ ಏನೋ ಇದೆಯೆಂದು ನಮಗೆ ತೋರಬೇಕು. ಆ ‘ಏನೋ’ ಎಂಬುದು ನನ್ನ ಮತದಲ್ಲಿ ಕ್ರೌರ್ಯವಲ್ಲ, ಮಮತೆ. ಇದಕ್ಕೆ ಶ್ರೀಮದ್ಭಾಗವತದ ಸಪ್ತಮ ಸ್ಕಂಧಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನರಿಯೆನು. ತಮ್ಮನಾದ ಹಿರಣ್ಯಾಕ್ಷನು ವರಾಹನಿಂದ ಹತನಾದನು. ತಾಯಿ ದಿತಿಯೂ ತಮ್ಮನ ಹೆಂಡತಿ ಮಕ್ಕಳೂ ಗೋಳಿಡುತ್ತಿರುವರು. ಹಿರಣ್ಯಕಶಿಪುವು ಅವರ ನಡುವೆ ಕುಳಿತು ಸಮಾಧಾನ ಹೇಳುತ್ತಾನೆ. ಏನು ಹೇಳುತ್ತಾನೆ? ಆತ್ಮವು ನಿತ್ಯ, ದೇಹವು ಅನಿತ್ಯ, ಕೂಡುವುದೂ ಅಗಲುವುದೂ ನೀರಿನರವಟ್ಟಿಗೆಯಲ್ಲಿ ಸೇರಿದ ದಾರಿಹೋಕರಂತೆ ಎಂದು ವೇದಾಂತವನ್ನೇ ಹೇಳುತ್ತಾನೆ. ಉಶೀನರ ದೇಶದ ಸುಯಜ್ಞರಾಜನು ಸತ್ತಾಗ ಯಮನೇ ಬಾಲಕನ ರೂಪದಿಂದ ಬಂದು ಬಂಧುಗಳ ಶೋಕವನ್ನು ಪರಿಹರಿಸಿದ ಕಥೆಯನ್ನು ಹೇಳುತ್ತಾನೆ. ಅದರೊಳಗೆ ಬೇಟೆಗಾರನ ಬಲೆಗೆ ಬಿದ್ದ ಹೆಣ್ಣುಹಕ್ಕಿಗಾಗಿ ಅತ್ತು ಅತ್ತು ತಾನೂ ಬಾಣಕ್ಕೆ ಗುರಿಯಾದ ಗಂಡುಹಕ್ಕಿಯ ಕಥೆ ಬೇರೆ. ಕೇಳಿದ ದಿತಿಯು ಅಳುವುದನ್ನು ನಿಲ್ಲಿಸಿದಳು. ಹೇಳಿದವನ ಅಳಲು ಮಾತ್ರ ನಿಲ್ಲಲಿಲ್ಲ. ಅವನು ಎದ್ದುಹೋಗಿ ಮಂದರ ಪರ್ವತದ ಕಣಿವೆಯಲ್ಲಿ ಹೆಬ್ಬೆರಳ ಮೇಲೆ ನಿಂತನು.

ಅಲ್ಲಿ ಕೇಳಿದ ವರವಾದರೂ ಎಂಥದು! ಒಳಗೂ ಬೇಡ, ಹೊರಗೂ ಬೇಡ. ಹಗಲೂ ಬೇಡ, ಇರುಳೂ ಬೇಡ. ನೆಲದಲ್ಲೂ ಬೇಡ, ಆಕಾಶದಲ್ಲೂ ಬೇಡ. ಮನುಷ್ಯನಿಂದಲೂ ಮೃಗದಿಂದಲೂ ಆಯುಧದಿಂದಲೂ ಸಾವು ಬೇಡ. ಕ್ರಯಪತ್ರಕ್ಕೆ ನಾಲ್ಕೂ ದಿಕ್ಕಿನ ಚೆಕ್ಕುಬಂದಿಯನ್ನು ಬರೆಸುವ ಹಳಬನಂತೆ ಒಂದೊಂದೇ ಸಂದನ್ನು ಮುಚ್ಚುತ್ತ ಬರುತ್ತಾನೆ. ಮಕ್ಕಳು ಈ ಭಾಗವನ್ನು ಒಗಟಿನಂತೆ ಕೇಳಿ ಸಂತೋಷಪಡುವರು. ದೊಡ್ಡವರಿಗೆ ಇದರಲ್ಲಿ ಬೇರೊಂದು ಕಾಣಬೇಕು. ದೇಹವು ಅನಿತ್ಯವೆಂದು ತಾಯಿಗೆ ಉಪದೇಶಿಸಿದವನು ಇವನೇ. ಈ ದೇಹವು ಅಳಿಯದಿರಲೆಂದು ಬ್ರಹ್ಮನನ್ನು ಬೇಡುವವನೂ ಇವನೇ. ತಮ್ಮನ ಹೆಣವನ್ನು ಕಂಡ ದಿನದಿಂದ ಅವನಿಗೆ ಮೃತ್ಯುವಿನ ಭಯವು ಹತ್ತಿತು. ಅವನ ಅಹಂಕಾರವೆಲ್ಲ ಆ ಭಯಕ್ಕೆ ಹೊದಿಸಿದ ಹೊದಿಕೆ. ಇದನ್ನು ಅರಿತವನಿಗೆ ಅವನ ಅಟ್ಟಹಾಸವು ಕೇಳಿಸುವ ಬಗೆಯೇ ಬೇರೆ. ಚಿತ್ರಕಾರರು ಪೂರ್ವಭಾಗದಲ್ಲಿ ವರಾಹನ ಕಾಳಗವನ್ನಿಟ್ಟು ತಮ್ಮನ ಮರಣದಿಂದಲೇ ಅಣ್ಣನ ದ್ವೇಷವನ್ನು ಹೊರಡಿಸಿದುದು ಮೆಚ್ಚತಕ್ಕ ವಿಚಾರ. ಆದರೆ ಕಾಳಗಕ್ಕೆ ಕೊಟ್ಟ ಅವಕಾಶದಲ್ಲಿ ಕಾಲುಪಾಲೂ ಶೋಕಕ್ಕೆ ದೊರೆತಿಲ್ಲ.

ಇನ್ನು ಮಗನ ವಿಷಯ. ಶುಕ್ರಾಚಾರ್ಯನ ಮಕ್ಕಳಾದ ಶಂಡಾಮರ್ಕರ ಬಳಿ ಓದಿ ಬಂದ ಪ್ರಹ್ಲಾದನನ್ನು ತಂದೆಯು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ನೆತ್ತಿಯನ್ನು ಮೂಸಿ, ಕಣ್ಣೀರಿನಿಂದ ತೋಯಿಸಿ, ಕಲಿತುದರಲ್ಲಿ ಉತ್ತಮವಾದುದನ್ನು ಹೇಳೆನ್ನುವನು. ಹುಡುಗನ ಉತ್ತರವನ್ನು ಕೇಳಿದೊಡನೆ ಅದೇ ತೊಡೆಯಿಂದ ಅವನನ್ನು ನೆಲಕ್ಕೆ ತಳ್ಳುವನು. (ಶಂಡಾಮರ್ಕರ ಪಾಡನ್ನು ನೆನೆದರೆ ನನಗೆ ಈಗಲೂ ಕನಿಕರ. ಹುಡುಗನು ಪಾಠದಲ್ಲಿಲ್ಲದುದನ್ನು ಹೇಳಿದಾಗಲೆಲ್ಲ ಉಪಾಧ್ಯಾಯನ ಮೇಲೆಯೇ ತಪ್ಪು ಬರುವುದು ಕೃತಯುಗದಿಂದ ಬಂದ ಪದ್ಧತಿ.) ಆನೆಗಳು, ಹಾವುಗಳು, ವಿಷ, ಬೆಂಕಿ, ಬೆಟ್ಟದ ತುದಿ ಎಲ್ಲವೂ ಸೋತ ಮೇಲೆ ಅವನು ಕೋಪಿಸುವುದಕ್ಕೆ ಬದಲಾಗಿ ತಲೆತಗ್ಗಿಸಿ ಯೋಚನೆಗೆ ಬೀಳುವನೆಂದು ಭಾಗವತವು ಹೇಳುತ್ತದೆ. ಆ ತಲೆತಗ್ಗಿಸಿದ ಗಳಿಗೆಯು ಬೊಂಬೆಯ ಕಲೆಗೆ ಹೇಳಿಮಾಡಿಸಿದುದು. ಕಡೆಗೆ ಸಂಜೆಯ ಹೊತ್ತು ಹೊಸ್ತಿಲಲ್ಲಿ ನರಸಿಂಹನು ಅವನನ್ನು ಕೆಡಹುವುದೂ ತೊಡೆಯ ಮೇಲೆಯೇ. ತೊಡೆಯಿಂದ ಮಗನನ್ನು ನೂಕಿದವನಿಗೆ ತೊಡೆಯ ಮೇಲೆಯೇ ಮರಣ. ಈ ಎರಡು ತೊಡೆಗಳ ಸಂಬಂಧವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲ ಕಲೆಯೆಂದರೆ ಚಿತ್ರವೇ; ಒಂದೇ ಗೆರೆಯನ್ನು ಎರಡು ಸಲ ಬರೆದರೆ ಸಾಕಾಗಿತ್ತು.

ದುಷ್ಟನಿಗೆ ಮಮತೆಯನ್ನು ಕೊಟ್ಟರೆ ಮಕ್ಕಳು ದುಷ್ಟತನವನ್ನೇ ಮೆಚ್ಚಿಯಾರೆಂದು ಹಿರಿಯರು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಬಾರದು. ಬೀದಿಯಲ್ಲಿ ಹುಬ್ಬುಗಂಟಿಕ್ಕಿ ನಡೆದ ಹುಡುಗರನ್ನು ನಾನೇ ಮೇಲೆ ಹೇಳಿದ್ದೇನೆ. ಆದರೆ ಅವರು ಅನುಕರಿಸಿದುದು ಅವನ ಬಲವನ್ನು. ಅವನ ದುಃಖವನ್ನು ಯಾರೂ ಅನುಕರಿಸರು. ಕೇವಲ ಬಲವನ್ನು ತೋರಿಸಿದ ಚಿತ್ರವೇ ಹೆಚ್ಚು ಅಪಾಯಕರವಾದುದು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣಭೂಮಿಯ ಹೆಣಗಳ ನಡುವೆ ನಡೆದು ಮಗ ಲಕ್ಷಣನಿಗಾಗಿ, ತಮ್ಮ ದುಶ್ಶಾಸನನಿಗಾಗಿ, ಗೆಳೆಯ ಕರ್ಣನಿಗಾಗಿ ಶೋಕಿಸುವುದನ್ನು ಸಾವಿರ ವರ್ಷಗಳಿಂದ ಕನ್ನಡಿಗರು ಓದುತ್ತ ಬಂದಿರುವರು; ಅದನ್ನೋದಿ ದ್ರೌಪದಿಗಾದ ಅಪಮಾನವು ಸರಿಯೆಂದವನೊಬ್ಬನೂ ಇಲ್ಲ. ನಾಗಚಂದ್ರನ ರಾವಣನ ವಿಷಯವೂ ಹಾಗೆಯೇ. ನಮ್ಮ ಕಂಪ್ಲಿಯ ಕುಮಾರರಾಮನ ಕಥೆಯಲ್ಲಿ ಮಲತಾಯಿ ರತ್ನಾಜಿಯು ಸುಳ್ಳು ದೂರನ್ನು ಹೊರಿಸಿದ್ದಕ್ಕೆ ಕಾರಣವು ತಿರಸ್ಕೃತವಾದ ಅನುರಾಗವೆಂದು ಬಲ್ಲ ನಮ್ಮ ಹೆಂಗಸರು ಅವಳನ್ನು ಶಪಿಸುತ್ತಲೇ ನಿಟ್ಟುಸಿರಿಡುವರು. ಹಂಪೆಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ಚಿತೆಯೆಂದು ತೋರಿಸುವ ಜನರ ದನಿಯಲ್ಲಿ ದ್ವೇಷವನ್ನು ನಾನು ಎಂದೂ ಕೇಳಿಲ್ಲ. ಮರುಕವೇ ಬೇರೆ, ಮನ್ನಣೆಯೇ ಬೇರೆ.

ಮಮತೆಯ ಸುಳಿವೇ ಇಲ್ಲದ ಖಳನೂ ಮನಸ್ಸನ್ನು ಹಿಡಿಯಬಹುದಲ್ಲವೆ ಎಂದರೆ, ಹಿಡಿಯಬಹುದು. ೧೯೯೪ರ ‘ಲಯನ್ ಕಿಂಗ್’ ಎಂಬ ಡಿಸ್ನಿಯ ಚಿತ್ರದಲ್ಲಿ ಸ್ಕಾರ್ ಎಂಬ ಸಿಂಹವು ಅಣ್ಣನನ್ನೇ ಕೊಂದು ಗದ್ದುಗೆಯೇರುತ್ತದೆ. ಅದಕ್ಕೆ ಯಾರ ಮೇಲೂ ಪ್ರೀತಿಯಿಲ್ಲ. ಇರುವುದು ಹರಿತವಾದ ಮಾತು, ಸೋಮಾರಿಯ ನಡಿಗೆ, ಹೊಟ್ಟೆಕಿಚ್ಚು. ಅದು ನೋಡುವಷ್ಟು ಹೊತ್ತು ರಂಜಿಸುವುದು, ದೀಪ ಹತ್ತಿದ ಮೇಲೆ ಮರೆತುಹೋಗುವುದು. ತಮ್ಮನಿಗಾಗಿ ಮೂರು ಲೋಕವನ್ನು ಎದುರುಹಾಕಿಕೊಂಡವನು ಹಾಗೆ ಮರೆಯಾಗುವವನಲ್ಲ.

ಹಂಪೆಯ ನರಸಿಂಹನ ಮುಂದೆ ನಿಂತಾಗ ನನಗೆ ಈ ವಿಚಾರವು ಮತ್ತಷ್ಟು ಸ್ಪಷ್ಟವಾಗಿ ತೋರುತ್ತದೆ. ೧೫೨೮ರಲ್ಲಿ ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಒಂದೇ ಬಂಡೆಯಿಂದ ಕಡೆದ ಈ ಮೂರ್ತಿಯ ಎತ್ತರವು ಸುಮಾರು ೨೨ ಅಡಿ. ಜನರು ಉಗ್ರನರಸಿಂಹನೆನ್ನುವರು, ವಸ್ತುತಃ ಇದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯು ಭಗ್ನವಾಗಿ, ದೇವನ ಬೆನ್ನನ್ನು ಬಳಸಿದ ಅವಳ ಕೈಯೊಂದು ಮಾತ್ರ ಉಳಿದಿದೆ. ಇಲ್ಲಿ ಹಿರಣ್ಯಕಶಿಪುವು ಎಂದೂ ಇರಲಿಲ್ಲ. ಆದರೂ ಬಂದ ಯಾತ್ರಿಕರಲ್ಲಿ ಎಷ್ಟೋ ಮಂದಿ ಆ ಬರಿದಾದ ತೊಡೆಯನ್ನು ನೋಡಿ, ದೈತ್ಯನನ್ನು ಸೀಳಿದುದು ಇಲ್ಲಿಯೇ ಎಂದು ಮಕ್ಕಳಿಗೆ ಬೆರಳಿಟ್ಟು ತೋರಿಸುವರು.

ಈ ಚಿತ್ರದ ನಿರ್ಮಾತೃಗಳು ದಶಾವತಾರದ ಮೇಲೆ ಒಟ್ಟು ಏಳು ಚಿತ್ರಗಳನ್ನು ತೆಗೆಯುವುದಾಗಿಯೂ ಅವುಗಳಲ್ಲಿ ರಘುನಂದನನ ಕಥೆಯೂ ಒಂದೆಂದೂ ಪ್ರಕಟಿಸಿರುವರು. ರಾವಣನನ್ನು ಬರೆಯತೊಡಗುವ ಮೊದಲು ಅವರ ಚಿತ್ರಕಾರರು ಒಂದು ರಾತ್ರಿ ಕೊಪ್ಪಳದ ಕಡೆಯ ಯಾವುದಾದರೊಂದು ಊರಿನಲ್ಲಿ ಕಂಬಳಿ ಹಾಸಿ ಕುಳಿತು, ತೊಗಲಿನ ರಾವಣನು ಪರದೆಗೆ ಬಂದು ಎಷ್ಟು ಹೊತ್ತು ಮಾತಿಲ್ಲದೆ ನಿಲ್ಲುವನೆಂಬುದನ್ನು ಎಣಿಸಿಕೊಂಡು ಹೋಗಲಿ.