ಬಾಣಸಿನ ಮನೆಯಲ್ಲಿ ದ್ರೌಪದಿ

ಕುಮಾರವ್ಯಾಸನ ವಿರಾಟಪರ್ವದಲ್ಲಿ ದ್ರೌಪದಿ ಗಂಡಂದಿರನ್ನು ಹಂಗಿಸುವ ಪದ್ಯ ಗಮಕ ಕೇಳಿದ ಅನೇಕರಿಗೆ ಬಾಯಿಪಾಠ. ಅದನ್ನು ಹೆಣ್ಣಿನ ಸಿಟ್ಟಿಗೆ ಉದಾಹರಣೆಯಾಗಿ ಎತ್ತಿಕೊಳ್ಳುವುದು ನಮಗೆ ರೂಢಿ. ಆದರೆ ಆ ಮಾತು ಹುಟ್ಟುವುದು ಅವಳು ನೆರವು ಕೇಳಲು ಹೋಗಿ, ಇಲ್ಲವೆನಿಸಿಕೊಂಡ ಗಳಿಗೆಯಲ್ಲಿ. ಸಂದರ್ಭ ಬಿಟ್ಟು ಸಿಟ್ಟನ್ನಷ್ಟೇ ಓದಿದರೆ ಅವಳ ವಿವೇಕ ಕಣ್ಣಿಗೆ ಬೀಳುವುದಿಲ್ಲ.

ಅದು ಅಜ್ಞಾತವಾಸದ ವರ್ಷ. ಗುರುತು ಸಿಕ್ಕರೆ ಮತ್ತೆ 12 ವರ್ಷ ಕಾಡು. ಕೀಚಕ ತುಂಬಿದ ಸಭೆಯಲ್ಲಿ ಸೈರಂಧ್ರಿಯನ್ನು ಒದೆಯುತ್ತಾನೆ. ಅವಳು ಮೊದಲು ಮೊರೆಯಿಡುವುದು ಅಲ್ಲಿಯೇ, ಎಲ್ಲರೆದುರು. ವಿರಾಟನಿಗೆ ಮೈದುನನನ್ನು ತಡೆಯುವ ಶಕ್ತಿಯಿಲ್ಲ. ಕಂಕನ ವೇಷದ ಧರ್ಮರಾಯ ತಾಳ್ಮೆ ಹೇಳುತ್ತಾನೆ. ಹಿಂದೆ ಹಸ್ತಿನಾವತಿಯಲ್ಲಿಯೂ ಅವಳು ಹಿರಿಯರನ್ನು ಕೇಳಿದ್ದಳು. ಅಲ್ಲಿಯೂ ನ್ಯಾಯ ಹೇಳಬೇಕಾದವರೇ ತಲೆ ತಗ್ಗಿಸಿದ್ದರು.

ಎರಡು ಸಭೆಗಳಿಂದ ಅವಳು ಒಂದು ಪಾಠ ಕಲಿತಂತಿದೆ. ಎಲ್ಲರನ್ನೂ ಕೇಳಿದರೆ ಯಾರೂ ತನ್ನನ್ನೇ ಕೇಳಿದಳೆಂದು ತಿಳಿಯುವುದಿಲ್ಲ. ಹಾಗಾಗಿ ಆ ರಾತ್ರಿ ಗಂಡಂದಿರನ್ನು ಮನಸ್ಸಿನಲ್ಲೇ ತೂಗಿ ನೋಡಿ, ಭೀಮನೊಬ್ಬನನ್ನು ಆರಿಸಿಕೊಳ್ಳುತ್ತಾಳೆ. ಸಭೆಯಲ್ಲಿ ಕೆರಳಿದವನು ಅವನೇ, ಅಣ್ಣನ ಸನ್ನೆಗೆ ಸುಮ್ಮನಾದವನೂ ಅವನೇ. ಬಾಣಸಿನ ಮನೆಯಲ್ಲಿ ಮಲಗಿದ್ದ ಅವನನ್ನು ಸದ್ದಿಲ್ಲದೆ ಎಬ್ಬಿಸುತ್ತಾಳೆ.

ಕುಮಾರವ್ಯಾಸನ ಹೆಚ್ಚುಗಾರಿಕೆ ಕಾಣುವುದು ಇಲ್ಲಿ. ಅವನ ಭೀಮ ಕೇಳಿದೊಡನೆ ಗದೆ ಎತ್ತುವವನಲ್ಲ. ಅಣ್ಣನ ಆಜ್ಞೆಯನ್ನು ಮುಂದೊಡ್ಡಿ ಹಿಂದೆ ಸರಿಯುತ್ತಾನೆ. ಆಗ ದ್ರೌಪದಿ ಕಾಲು ಹಿಡಿದು ಅಂಗಲಾಚಿದ್ದರೆ ಅದು ಭಿಕ್ಷೆಯಾಗುತ್ತಿತ್ತು. ಭಿಕ್ಷೆಯನ್ನು ಕೊಡಬಹುದು, ಬಿಡಬಹುದು. ಅವಳು ಐವರು ಗಂಡಂದಿರ ಗಂಡಸುತನವನ್ನೇ ಪ್ರಶ್ನಿಸಿ, ನೆರವನ್ನು ಉಪಕಾರದ ಲೆಕ್ಕದಿಂದ ತೆಗೆದು ಸಂಬಂಧದ ಋಣಕ್ಕೆ ಸೇರಿಸುತ್ತಾಳೆ. ಅಂದರೆ ಆ ಪದ್ಯ ಸಿಟ್ಟೂ ಹೌದು, ಎರಡನೆಯ ಸಲ ಕೇಳುವ ಬಗೆಯೂ ಹೌದು.

ಕೇಳಿದವಳ ಪಾಲು ಅಲ್ಲಿಗೆ ಮುಗಿಯುವುದಿಲ್ಲ. ಕೀಚಕನನ್ನು ನಾಟ್ಯಶಾಲೆಗೆ ಕರೆಯಬೇಕಾದವಳು ಅವಳೇ. ಭೀಮನ ತೋಳಿನಷ್ಟೇ ಅವಳ ಎದೆಗಾರಿಕೆಯೂ ಆ ಕೊಲೆಯಲ್ಲಿ ಪಾಲುದಾರ. ಆಮೇಲೆ ಕೀಚಕನ ತಮ್ಮಂದಿರು ಅವಳನ್ನು ಹೆಣದೊಂದಿಗೆ ಸುಡಲು ಎಳೆದೊಯ್ಯುತ್ತಾರೆ. ಪಡೆದ ನೆರವಿಗೂ ಬೆಲೆ ತೆರಬೇಕಾದವಳು ಅವಳೇ, ಮತ್ತೆ ಕೂಗಬೇಕಾದವಳೂ ಅವಳೇ.

ಈ ಪ್ರಸಂಗವನ್ನು ಭೀಮನ ಪರಾಕ್ರಮದ ಕಥೆಯಾಗಿ ಓದುವುದು ಸುಲಭ. ದ್ರೌಪದಿಯ ಜಾಣ್ಮೆಯ ಕಥೆಯಾಗಿ ಓದುವುದು ಅದಕ್ಕಿಂತ ಮೇಲು. ಆದರೆ ಅಲ್ಲಿಗೇ ನಿಂತರೆ ನಾವು ಸಭೆಗೆ ಮಾಫಿ ಕೊಟ್ಟಂತೆ. ಹಾಡಹಗಲು ರಾಜಸಭೆಯಲ್ಲಿ ಸಿಗಬೇಕಾದ ನ್ಯಾಯವನ್ನು ಹೆಣ್ಣೊಬ್ಬಳು ನಡುರಾತ್ರಿ ಅಡುಗೆಮನೆಯಲ್ಲಿ, ಪಿಸುದನಿಯಲ್ಲಿ ಕೇಳಬೇಕಾಯಿತು. ಕೇಳುವ ಕಲೆಯನ್ನು ಅವಳಿಗೆ ಕಲಿಸಿದ್ದು ಸುತ್ತಲಿನವರ ಮೌನ. ಆ ಪದ್ಯವನ್ನು ಹಾಡುವಾಗ, ಕೇಳುವಾಗ ಆ ಮೌನವೂ ನಮ್ಮ ಕಿವಿಗೆ ಬೀಳಬೇಕು.